ಒಂದು ಸಲ ಬ್ಯಾಡ ಅಂದದ್ದಕ್ಕೆ

ನೀಲಗಂಗಾಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಐವತ್ನಾಲ್ಕು ವರ್ಷದ ಹೆಂಗಸು. ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ಸ್ವಂತ ಮನೆ, ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದ ಕೆಲಸ, ಜಗಳಕ್ಕೂ ನಗೆಗೂ ಸಿಗುವ ಗಂಡ, ಓದಿ ನೌಕರಿ ಹಿಡಿದ ಮಗಳು. ಹೇಳಿಕೊಳ್ಳುವಂಥ ಕೊರತೆ ಒಂದೂ ಇರಲಿಲ್ಲ. ಆದರೂ ಆ ವರ್ಷದ ಫೆಬ್ರವರಿಯಿಂದ ಅವಳು ಕೂತರೂ ಕರುಬಿದಳು, ನಿಂತರೂ ಕರುಬಿದಳು. ಕರುಬಿದ್ದು ಯಾರದೋ ಬಂಗಲೆಗಲ್ಲ, ಯಾರದೋ ಕೊರಳಿನ ಸರಕ್ಕಲ್ಲ. ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳ ನಡುವೆ, ಕಾರು ಕಾಲಿಡದ ಜಲ್ಲಿ ದಾರಿಯಲ್ಲಿ ಎಂಟು ದಿನ ಸೈಕಲ್ ತುಳಿಯುವ ನಾಲ್ಕು ಜನರ ಗುಂಪಿನಲ್ಲಿ ಒಂದು ಜಾಗಕ್ಕೆ. ಅದು ಅವಳದಾಗಬೇಕಿತ್ತು. ಇಂದುಮತಿಯದಾಯಿತು.

ಈ ಹೆಂಗಸಿಗೂ ಸೈಕಲ್ಲಿಗೂ ಏನು ನಂಟು ಎಂದು ಕೇಳುವವರು ವಿಜಯಪುರದ ಪಕ್ಕದ ತಿಕೋಟಾ ಕಡೆಗೆ ಹೋಗಬೇಕು. ಅಲ್ಲಿ ಅವಳ ಅಪ್ಪ ಗುರುಸಿದ್ದಪ್ಪನ ನಾಲ್ಕೆಕರೆ ದ್ರಾಕ್ಷಿ. ಮನೆಗೂ ತೋಟಕ್ಕೂ ಎರಡು ಮೈಲಿ, ಅದೂ ಬರೀ ಕಲ್ಲಿನ ದಾರಿ. ಬಳ್ಳಿ ಕತ್ತರಿಸುವ ಕೆಲಸ ಅಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ, ಅದಕ್ಕೆ ಚಾಟ್ನಿ ಎನ್ನುತ್ತಾರೆ. ಚಾಟ್ನಿಯ ದಿನಗಳಲ್ಲಿ ಹದಿನೈದು ಆಳಿಗೆ ರೊಟ್ಟಿಗಂಟು ಮುಟ್ಟಿಸುವ ಕೆಲಸ ಹತ್ತು ವರ್ಷದ ನೀಲಗಂಗಾಳದು. ಅಪ್ಪನ ಎತ್ತರದ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಮೈಯನ್ನೆಲ್ಲ ಒಂದು ಮಗ್ಗುಲಿಗೆ ವಾಲಿಸಿಕೊಂಡು ಅವಳು ಆ ಕಲ್ಲುದಾರಿಯಲ್ಲಿ ಹೊರಟರೆ ಎದುರಿಗೆ ಬಂದ ಎತ್ತಿನ ಗಾಡಿಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಜಲ್ಲಿಯ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ಬಿಗಿ ಹಿಡಿಯಬಾರದು, ಕಣ್ಣು ಚಕ್ರದ ಮೇಲಿರಬಾರದು, ಮುಂದಿನ ತಿರುವಿನ ಮೇಲಿರಬೇಕು. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಲಿಲ್ಲ, ಮೊಣಕಾಲು ತರಚಿಸಿಕೊಂಡು ತಾನೇ ಕಲಿತಳು.

ಮುಂದೆ ಇಂಜಿನಿಯರಿಂಗ್ ಓದಿದಳು, ಚಿದಂಬರನನ್ನು ಮದುವೆಯಾಗಿ ಅಮೆರಿಕಕ್ಕೆ ಬಂದಳು, ಮಗಳು ಅಕ್ಷರಾಳನ್ನು ಹೆತ್ತು ಸಾಕಿದಳು. ದಿನಾ ಮೂವತ್ತೈದು ಮೈಲಿ ಡ್ರೈವ್ ಮಾಡಿ ಹೋಗಿ, ಬ್ರೇಕ್ ಪೈಪುಗಳು ಸೋರುತ್ತವೆಯೇ ಇಲ್ಲವೇ ಎಂದು ಪರೀಕ್ಷೆ ಮಾಡಿ, ಮೂವತ್ತೈದು ಮೈಲಿ ವಾಪಸು ಬಂದಳು. ಕಾರುಗಳ ನಾಡಿನಲ್ಲಿ ಕಾರುಗಳಿಗಾಗಿಯೇ ದುಡಿದ ಅವಳಿಗೆ ಕಾರು ಎಂದರೆ ಅಷ್ಟಕ್ಕಷ್ಟೆ. ಬಡಾವಣೆಯಲ್ಲಿ ಹಳೆ ಸಾಮಾನು ಮಾರುವ ಗರಾಜ್ ಸೇಲ್ ಒಂದರಲ್ಲಿ ಸೈಕಲ್ ಕೊಂಡ ದಿನ ಚಿದಂಬರ, "ನಲವತ್ತು ವರ್ಷದಾಕಿ ಸೈಕಲ್ ಹೊಡದ್ರ ಮಂದಿ ಏನಂದಾರು?" ಎಂದ. "ಗಾಳಿ ಕಡಿಮಿ ಅದ ಅಂದಾರು," ಎಂದು ಅವಳು ಪಂಪು ಹುಡುಕಲು ಹೋದಳು.

ಚೈತ್ರ ಇವಳ ಕೈಗೆ ಸಿಕ್ಕಿದ್ದು ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ. ಎಲ್ಲರೂ ಮನೆಯೊಳಗೆ ಕೂತು ಗೋಡೆ ನೋಡುತ್ತಿದ್ದ ಕಾಲ. ನಾಲ್ಕು ಮನೆಯಾಚೆಯ ಮೈಸೂರಿನ ಹುಡುಗಿ, ಆಗ ಮೂವತ್ತನಾಲ್ಕು, ಗಂಡ ವಿವೇಕನ ಹಾಗೆ ಅವಳದೂ ಕಂಪ್ಯೂಟರ್ ಕೆಲಸ. ಬಿದ್ದು ಹಲ್ಲು ಮುರಿದುಕೊಂಡರೆ ಯಾರು ಮದುವೆಯಾಗುತ್ತಾರೆ ಎಂದು ಅವಳ ತಾಯಿ ಸೈಕಲ್ ಮುಟ್ಟಲು ಬಿಟ್ಟಿರಲಿಲ್ಲವಂತೆ. "ಮದುವಿ ಆತಲ್ಲ, ಇನ್ನ ಹಲ್ಲಿಂದೇನ್ ಚಿಂತಿ?" ಎಂದಳು ನೀಲಗಂಗಾ. ಖಾಲಿ ಬಿದ್ದಿದ್ದ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಹದಿನೆಂಟು ದಿನ ಸೀಟು ಹಿಡಿದುಕೊಂಡು ಹಿಂದೆ ಓಡಿದಳು. ಹತ್ತೊಂಬತ್ತನೆಯ ದಿನ ಕೈ ಬಿಟ್ಟಳು.

ಆಮೇಲೆ ಐದು ವರ್ಷ ಇಬ್ಬರೂ ಜೊತೆ. ಶನಿವಾರ ಕಾರುಗಳನ್ನು ತಡೆದು ಹೈನ್ಸ್ ಡ್ರೈವ್ ಎಂಬ ರಸ್ತೆಯ ಒಂದಷ್ಟು ದೂರವನ್ನು ಸೈಕಲ್ಲುಗಳಿಗೆ ಬಿಟ್ಟುಕೊಟ್ಟಾಗ ಅಲ್ಲಿ, ಮಿಕ್ಕ ದಿನ ಸೌತ್ ಲಯನ್ ಕಡೆಯ ಮಣ್ಣುರಸ್ತೆಗಳಲ್ಲಿ. ನೀಲಗಂಗಾ ಮುಂದೆ, ಚೈತ್ರ ಹಿಂದೆ. ಒಂದು ದಿನ ನೀಲಗಂಗಾ ಫೋನಿನಲ್ಲಿ ಒಂದು ಲೇಖನ ತೋರಿಸಿದಳು. ದಕ್ಷಿಣ ಫ್ರಾನ್ಸಿನ ಗುಡ್ಡಗಾಡು. ಹಳೆಯ ರೈಲು ದಾರಿಯ ಕಂಬಿ ಕಿತ್ತು ಜಲ್ಲಿ ಹಾಸಿದ್ದಾರೆ, ಅದು ಮುಗಿದಲ್ಲಿ ತೋಟದ ಬದುವಿನ ದಾರಿ, ಅದೂ ಮುಗಿದರೆ ಗುಡ್ಡ. ದಿನವಿಡೀ ಒಂದು ಕಾರಿನ ಸದ್ದಿಲ್ಲ. ಸೆಪ್ಟೆಂಬರಿನಲ್ಲಿ ಹೋದರೆ ದ್ರಾಕ್ಷಿ ಕೊಯ್ಲು.

"ಸಾಯೂದ್ರಾಗ ಒಮ್ಮೆ ಈ ದಾರಿ ಹಿಡದ ಹೋಗಬೇಕ ನೋಡು ಚೈತ್ರಾ," ಎಂದಿದ್ದಳು.

"ಹೋಗೋಣ ಆಂಟಿ," ಎಂದಿದ್ದಳು ಚೈತ್ರ.

ಫೆಬ್ರವರಿಯ ಒಂದು ಭಾನುವಾರ ಆ ಮಾತಿಗೆ ಕಾಲ ಬಂತು. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿ, ಡ್ರೈವ್‌ವೇ ತುಂಬ ಹಿಮ. ಚೈತ್ರಳ ಅಡುಗೆಮನೆಯಲ್ಲಿ ಇಬ್ಬರೂ ಅವರೆಕಾಳು ಹಿಸುಕುತ್ತ ಕೂತಿದ್ದರು.

"ಆಂಟಿ, ನಮ್ ಗ್ರೀನ್ ಕಾರ್ಡ್ ಬಂತಲ್ಲ, ಇನ್ನು ಎಲ್ಲಿಗೆ ಬೇಕಾದ್ರೂ ಹೋಗಿ ಬರಬಹುದು. ಸೆಪ್ಟೆಂಬರ್‌ಗೆ ಆ ಫ್ರಾನ್ಸ್ ರೈಡ್ ಬುಕ್ ಮಾಡ್ತಾ ಇದೀನಿ. ನೀವು ತೋರಿಸಿದ್ರಲ್ಲ, ಅದೇ. ನಾನು, ನಮ್ ಆಫೀಸಿನವ್ರು ಇಬ್ರು. ನಾಲ್ಕು ಜನ ಆದ್ರೆ ಎರಡು ರೂಮಿಗೆ ಸರಿಹೋಗತ್ತೆ. ನೀವು ಬರ್ತೀರಾ?"

ನೀಲಗಂಗಾಳ ಮನಸ್ಸು ಹೊರಡಲು ಆಗಲೇ ಪೆಟ್ಟಿಗೆ ಕಟ್ಟಿಯಾಗಿತ್ತು. ನಾಲಿಗೆ ಮಾತ್ರ ತವರಿನ ರೂಢಿ ಬಿಡಲಿಲ್ಲ.

"ಅಯ್ಯ, ಬ್ಯಾಡ ಬಿಡವಾ. ಮುದುಕಿ ನಾ ಎಲ್ಲಿ ಬರ್ಲಿ. ನೀವ್ ಹುಡಿಗ್ಯಾರ್ ಹೋಗಿ ಬರ್ರಿ."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನೀಲಗಂಗಾಳ ತವರಿನಲ್ಲಿ ಕರೆದ ಕೂಡಲೇ ಹೂಂ ಅನ್ನುವವರಿಗೆ ಆಸೆಬುರುಕರು ಎಂದು ಹೆಸರು. ಮೊದಲನೆಯ ಬ್ಯಾಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಒತ್ತಾಯ ಮಾಡಿದರೆ "ಇಷ್ಟ ಹೇಳಾಕತ್ತೀರಿ ಅಂದ ಮ್ಯಾಲ" ಎಂದು ಎದ್ದು ಬರುವುದು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳಸಂದಿಯಲ್ಲೇ ಹೋಳಿಗೆ ಜಾರಿಸುವುದು ಬಡಿಸುವವರ ಕರ್ತವ್ಯ. ಇವಳ ಮದುವೆಯೂ ಆದದ್ದು ಹಾಗೆಯೇ. ಚಿದಂಬರನ ಕಡೆಯವರು ಎರಡು ಸಲ ಬಂದಾಗ ಗುರುಸಿದ್ದಪ್ಪ ಈಗಲೇ ಬ್ಯಾಡ ಎಂದಿದ್ದ, ಮೂರನೆಯ ಸಲ ಬಂದವರಿಗೆ ಸಕ್ಕರೆ ಹಂಚಿದ. ಎರಡಕ್ಕೇ ಬೇಸತ್ತು ನಿಂತಿದ್ದರೆ ಚಿದಂಬರ ಇನ್ನಾರಿಗೋ ಗಂಡನಾಗಿರುತ್ತಿದ್ದ.

ಚೈತ್ರ ಕಾಳಿನ ಬಟ್ಟಲಿನಿಂದ ತಲೆಯೆತ್ತದೆ, "ಸರಿ ಆಂಟಿ," ಎಂದಳು. ಆಮೇಲೆ ಕೇಳಿದಳು, "ಕಾಫಿ ಕುಡೀತೀರಾ?"

"ಬ್ಯಾಡ."

"ಸ್ವಲ್ಪ ಕುಡೀರಿ, ಆಂಟಿ."

"ಈಗಷ್ಟ ಚಾ ಕುಡದ ಬಂದೀನವಾ, ಬ್ಯಾಡ."

"ಅರ್ಧ ಲೋಟ. ಫಿಲ್ಟರ್ ಕಾಫಿ, ಬಿಸಿಬಿಸಿ ಇದೆ."

ನೀಲಗಂಗಾ ಕುಡಿದಳು. ಕುಡಿಯುತ್ತ ಕಾದಳು. ಕಾಫಿಗೆ ಮೂರು ಸಲ ಕೇಳಿದವಳು ಫ್ರಾನ್ಸಿಗೆ ಒಂದೇ ಸಲ ಕೇಳಿ ಬಿಟ್ಟುಬಿಡುತ್ತಾಳೆಯೇ? ಇನ್ನೇನು ಕೇಳಬಹುದು ಎಂದುಕೊಂಡು ಅವರೆಕಾಳು ಮುಗಿಯುವವರೆಗೂ ಕೂತಳು, ಬೂಟು ಹಾಕಿಕೊಳ್ಳುವಾಗಲೂ ತಡಮಾಡಿದಳು. ಕೇಳಲಿಲ್ಲ.

ಮೂರನೆಯ ದಿನ ಕರಿಬೇವಿನ ನೆಪ ಮಾಡಿಕೊಂಡು ತಾನೇ ಹೋದಳು. ಈಗ ಕೇಳಿದರೆ ಎರಡನೆಯ ಬ್ಯಾಡವನ್ನು ಹಾರಿಸಿ ನೇರವಾಗಿ ಹೂಂ ಎಂದುಬಿಡುವುದೆಂದು ದಾರಿಯಲ್ಲೇ ತೀರ್ಮಾನಿಸಿದ್ದಳು. ಚೈತ್ರ ಬಾಗಿಲು ತೆರೆದವಳೇ, "ಆಂಟಿ, ನಾಲ್ಕನೆಯವಳು ಸಿಕ್ಕಿದ್ಲು! ಪಕ್ಕದೂರು ನೋವೈಲಿರೋ ಇಂದುಮತಿ ಗೊತ್ತಲ್ಲ, ಹಲ್ಲಿನ ಡಾಕ್ಟ್ರು? ಹೇಳಿದ್ ತಕ್ಷಣ ಯೆಸ್ ಅಂದ್ಬಿಟ್ಲು," ಎಂದಳು. ನೀಲಗಂಗಾ ಕರಿಬೇವು ತೆಗೆದುಕೊಂಡು ಮನೆಗೆ ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅವಳಿಗೆ ಆ ದಿನ ಬರೀ ಗಾದೆಯಾಗಿ ಉಳಿಯಲಿಲ್ಲ.

ಶಿಕಾಗೋದ ಹತ್ತಿರ ಬೋಲಿಂಗ್‌ಬ್ರೂಕ್‌ನಲ್ಲಿದ್ದ ಮಗಳಿಗೆ ಫೋನ್ ಮಾಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಅಕ್ಷರಾ ಪೂರ್ತಿ ಕೇಳಿ, "ಅಮ್ಮಾ, ಶೀ ಆಸ್ಕ್‌ಡ್. ಯೂ ಸೆಡ್ ನೋ," ಎಂದಳು.

"ಇನ್ನೊಮ್ಮೆ ಕೇಳಬೇಕಿತ್ತಿಲ್ಲೊ ಅಕಿ?"

"ವೈ?"

ಈ ವೈಗೆ ಉತ್ತರ ಕೊಡಲು ಇಂಗ್ಲಿಷಿನಲ್ಲಿ ಮಾತೇ ಇಲ್ಲ ಎಂದು ನೀಲಗಂಗಾ ಫೋನ್ ಇಟ್ಟಳು. ಚಿದಂಬರನಿಗೆ ಹೇಳಿದರೆ ಅವನು ಕ್ರಿಕೆಟ್ಟಿನಿಂದ ಕಣ್ಣು ಕೀಳದೆ, "ಈಗ ಹೋಗಿ ನಾನೂ ಬರ್ತೀನಿ ಅಂತ ಹೇಳು, ಐದನೇದಾಕಿ ಆಗು," ಎಂದ.

"ಕರೀದ ಹೋಗೂದು ನಮ್ಮ ಮನಿತನದಾಗ ಇಲ್ರಿ."

"ಹಂಗಾದ್ರ ಮನಿತನ ಇಟಗೊಂಡ ಮನ್ಯಾಗ ಕೂಡು."

ಕೂತಳು. ಆದರೆ ಚೈತ್ರ ಕೂರಲು ಬಿಡಲಿಲ್ಲ. ಮೇ ತಿಂಗಳಲ್ಲಿ ಬಂದು, "ಇಂದುಮತಿಗೆ ಟಾರ್ ರಸ್ತೆ ಅಭ್ಯಾಸ ಇದೆ, ಗ್ರಾವೆಲ್ ಗೊತ್ತಿಲ್ಲ. ನೀವೇ ಕಲಿಸಿಕೊಡ್ಬೇಕು ಆಂಟಿ," ಎಂದಳು. ನೀಲಗಂಗಾ ನನಗ ಆಗೂದಿಲ್ಲ ಎಂದಳು. ಚೈತ್ರ ಮತ್ತೆ ಕೇಳಿದಳು. ಮೊಣಕಾಲು ನೋವದ ಎಂದಳು. ಚೈತ್ರ ಮೂರನೆಯ ಸಲ ಕೈ ಹಿಡಿದು ಕೇಳಿದಳು. ಇದಕ್ಕಾದರೆ ಮೂರು ಸಲ ಕೇಳುವುದು ಗೊತ್ತಿದೆ ಈ ಹುಡುಗಿಗೆ ಎಂದು ನೀಲಗಂಗಾ ಒಳಗೊಳಗೇ ಹಲ್ಲು ಕಡಿದಳು. ಬರ್ತೀನಿ ಎಂದೂ ಹೇಳಿದಳು. ತನ್ನ ಜಾಗ ಹಾರಿಸಿಕೊಂಡು ಹೋದವಳಿಗೆ ತಾನೇ ಪಾಠ ಹೇಳುವುದು, ಅದೂ ನಗುನಗುತ್ತ! ಉರಿಯುವ ಒಲೆಗೆ ತುಪ್ಪ ಸುರಿಯುವ ಕೆಲಸವನ್ನೂ ಅವಳ ಕೈಯಿಂದಲೇ ಮಾಡಿಸಿದರು.

ಇಂದುಮತಿ ಕೆಟ್ಟವಳಾಗಿದ್ದರೆ ಎಷ್ಟೋ ಹಿತವಿತ್ತು. ಅವಳು ಒಳ್ಳೆಯವಳು. ಮೂವತ್ತೆಂಟು ವರ್ಷ, ಮಾತು ಕಡಿಮೆ, ಹೇಳಿದ್ದನ್ನು ಕೇಳುತ್ತಿದ್ದಳು, "ಅಕ್ಕ" ಎಂದು ಕರೆಯುತ್ತಿದ್ದಳು. ಚೈತ್ರಳ ಆಂಟಿಗಿಂತ ಈ ಅಕ್ಕ ಕೇಳಲು ಚೆನ್ನಾಗಿತ್ತು, ಆದ್ದರಿಂದ ಅದರ ಮೇಲೂ ನೀಲಗಂಗಾಗೆ ಸಿಟ್ಟು ಬಂತು. ಹಗುರವಾದ ಹೊಸ ಸೈಕಲ್ಲು ಬೇರೆ, ಎರಡು ಬೆರಳಲ್ಲಿ ಎತ್ತಬಹುದು. ಇಳಿಜಾರು ಬಂದಾಗಲೆಲ್ಲ ನೀಲಗಂಗಾ ಹಿಂದಿನಿಂದ ನೋಡುತ್ತ, ಬೀಳು, ಒಂದು ಸಲ ಬೀಳು, ಕೈ ಮುರಿಯುವಷ್ಟಲ್ಲ, ಮನಸ್ಸು ಮುರಿಯುವಷ್ಟು, ಎಂದು ಹರಕೆ ಹೊತ್ತವಳ ಹಾಗೆ ಗುನುಗುತ್ತಿದ್ದಳು. ತನ್ನ ಬಾಯಿಂದ ಇಂಥದ್ದು ಬರುತ್ತಿದೆಯೆಂದು ನಾಚಿಕೆಯೂ ಆಗುತ್ತಿತ್ತು. ನಾಚಿಕೆಯಾಯಿತೆಂದು ಗುನುಗುವುದನ್ನೇನೂ ನಿಲ್ಲಿಸಲಿಲ್ಲ.

ಒಂದು ಶನಿವಾರ ಅದು ಫಲಿಸಿತು. ಹೊರಡುವ ಮೊದಲು ಇಂದುಮತಿಯ ಚಕ್ರವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಾಗ ಕಲ್ಲಿನ ಹಾಗೆ ಗಟ್ಟಿ ಇತ್ತು. ಟಾರು ರಸ್ತೆಗೆ ತುಂಬುವಷ್ಟು ಗಾಳಿ ತುಂಬಿಕೊಂಡು ಬಂದಿದ್ದಳು. ಜಲ್ಲಿಯ ಮೇಲೆ ಅಷ್ಟು ಗಾಳಿ ಇದ್ದರೆ ಚಕ್ರ ಹಿಡಿತ ಬಿಡುತ್ತದೆ, ಮೂರರಲ್ಲಿ ಒಂದು ಪಾಲು ಬಿಡಿಸಬೇಕು. ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ತಪ್ಪು ಹಿಡಿಯುವುದೇ ಕೆಲಸವಾಗಿದ್ದವಳು, ಒಂದು ಸೋರುವ ಪೈಪನ್ನೂ ಮುಂದೆ ಬಿಡದವಳು, ಆ ದಿನ ಬಾಯಿ ಬಿಡಲಿಲ್ಲ. "ಹೊಂಡೋಣ್ ನಡೀರಿ," ಎಂದಳು.

ಮೊದಲ ಇಳಿಜಾರಿನ ತಿರುವಿನಲ್ಲಿ ಇಂದುಮತಿ ಜಾರಿ ಬಿದ್ದಳು. ನೀಲಗಂಗಾಗೆ ಮೊದಲು ಆದದ್ದು ಸಂತೋಷ. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬೇರೇನೂ ಇರಲಿಲ್ಲ, ಬರೀ ಸಂತೋಷ. ಆಮೇಲೆ ಮೊಣಕೈಯಿಂದ ರಕ್ತ ಇಳಿಯುವುದು ಕಾಣಿಸಿತು. ನೀರಿನ ಬಾಟಲಿ ತೆಗೆದು ತೊಳೆಯುವಾಗ ಇಂದುಮತಿ, "ನಂದೇ ತಪ್ಪು ಅಕ್ಕ, ಗಾಬರಿ ಆಗಿ ಬ್ರೇಕ್ ಹಿಡಿದೆ," ಎಂದಳು. ನೀಲಗಂಗಾಗೆ ಅವಳ ಮುಖ ನೋಡಲಾಗಲಿಲ್ಲ. "ಬ್ರೇಕ್ ಅಲ್ಲ, ಗಾಳಿ. ಗಾಳಿ ಜಾಸ್ತಿ ಅದ," ಎಂದು ಅಲ್ಲೇ ರಸ್ತೆಬದಿಯಲ್ಲಿ ಕೂತು ಎರಡೂ ಚಕ್ರದ ಗಾಳಿ ಬಿಡಿಸಿದಳು. ಮೊದಲೇ ಗೊತ್ತಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಆ ತಪ್ಪಿಗೆ ತಾನೇ ಶಿಕ್ಷೆ ಹಾಕಿಕೊಂಡವಳ ಹಾಗೆ ಮುಂದಿನ ಹತ್ತು ವಾರ ಇಂದುಮತಿಗೆ ಎಲ್ಲವನ್ನೂ ಕಲಿಸಿದಳು. ಚೈತ್ರಳಿಗೆ ಐದು ವರ್ಷದಲ್ಲಿ ಕಲಿಸದಿದ್ದದ್ದನ್ನೂ ಕಲಿಸಿದಳು. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಭಾರವನ್ನು ಹಿಂದಕ್ಕೆ ಹಾಕುವುದು, ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು ತಿರುವಿನೊಳಗೆ ಬ್ರೇಕನ್ನು ಮರೆಯುವುದು, ಸಡಿಲ ಜಲ್ಲಿಯಲ್ಲಿ ಹ್ಯಾಂಡಲ್ಲನ್ನು ಅದರ ಪಾಡಿಗೆ ಬಿಡುವುದು. ತಿಕೋಟಾದ ಕಲ್ಲುದಾರಿಯಲ್ಲಿ ಗಳಿಸಿದ್ದು ಅಷ್ಟನ್ನೂ ನೋವೈಯ ಹಲ್ಲಿನ ಡಾಕ್ಟರಿಗೆ ಸುರಿದುಕೊಟ್ಟಳು. ಹೊಟ್ಟೆಕಿಚ್ಚು ಇದರಿಂದ ಕಡಿಮೆಯಾಗಲಿಲ್ಲ. ಅದು ಬೇರೆ ಒಲೆಯಲ್ಲಿ ಬೇರೆ ಉರಿಯುತ್ತಿತ್ತು.

ಸೆಪ್ಟೆಂಬರ್ ಬಂತು, ನಾಲ್ವರೂ ಹೋದರು. ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವಳೂ ನೀಲಗಂಗಾಳೇ. ದಾರಿಬುತ್ತಿಗೆಂದು ಶೇಂಗಾ ಹೋಳಿಗೆ ಮಾಡಿಕೊಟ್ಟು, ಟರ್ಮಿನಲ್ಲಿನ ಮುಂದೆ ಎಲ್ಲರನ್ನೂ ಅಪ್ಪಿಕೊಂಡು, ಕಾರಿಗೆ ಬಂದು ಕೂತು ಸ್ಟೀರಿಂಗ್ ಹಿಡಿದು ಅತ್ತಳು. ಸ್ವಲ್ಪವೇ ಅತ್ತಳು, ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಮೂರನೆಯ ದಿನದಿಂದ ಫೋಟೋ ಬರಲು ಶುರುವಾಯಿತು. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುತ್ತಾರಲ್ಲ, ಆ ಸಮಾಧಾನ ದ್ರಾಕ್ಷಿ ಬೆಳೆಯದವರಿಗೆ. ಇವಳು ಫೋಟೋ ದೊಡ್ಡದು ಮಾಡಿ ಕಾಯಿಯ ಬಣ್ಣ, ಮೇಲಿನ ಬೂದಿಯಂಥ ತೆಳು ಪೊರೆ, ತೊಟ್ಟಿನ ಕಂದು ನೋಡಿದಳು. ಹಣ್ಣು ತುಂಬಿ ಸಿಹಿಯಾಗಿತ್ತು, ಅನುಮಾನವೇ ಇರಲಿಲ್ಲ. ಬಳ್ಳಿಗೆ ತಂತಿಯಿಲ್ಲ, ಚಪ್ಪರವಿಲ್ಲ, ಮೊಣಕಾಲೆತ್ತರದ ಮೋಟು ಗಿಡದಂತೆ ಕತ್ತರಿಸಿ ನಿಲ್ಲಿಸಿದ್ದರು. ಹೀಗೆ ಯಾಕೆ ಕತ್ತರಿಸುತ್ತಾರೆ? ಗಾಳಿಗೋ, ಬಿಸಿಲಿಗೋ? ಅಲ್ಲಿದ್ದಿದ್ದರೆ ಸೈಕಲ್ ನಿಲ್ಲಿಸಿ, ಭಾಷೆ ಬಾರದಿದ್ದರೂ ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಅಲ್ಲಿದ್ದ ನಾಲ್ವರಲ್ಲಿ ಒಬ್ಬಳಿಗೂ ಇದು ಕೇಳುವಂಥ ಮಾತು ಎಂದು ತೋಚಿರಲಾರದು. ಅವರಿಗೆ ಅದು ಹಸಿರು, ಫೋಟೋದ ಹಿಂದಿನ ಹಸಿರು. ಕಣ್ಣಿದ್ದವಳು ಇಲ್ಲಿ, ತೋಟ ಅಲ್ಲಿ.

ಬಹಳಷ್ಟು ಫೋಟೋಗಳಲ್ಲಿ ಇಂದುಮತಿಯ ಬೆನ್ನು. ಕೆಂಪು ಜಾಕೆಟ್ಟಿನ ಬೆನ್ನು ಗುಡ್ಡ ಹತ್ತುತ್ತಿದೆ, ಕೆಂಪು ಜಾಕೆಟ್ಟಿನ ಬೆನ್ನು ತೋಟದೊಳಗೆ ತಿರುಗುತ್ತಿದೆ. ಐದು ವರ್ಷದಲ್ಲಿ ಚೈತ್ರ ನನ್ನ ಒಂದು ಫೋಟೋ ತೆಗೆದಿದ್ದರೆ ಕೇಳಿ, ಇವಳದು ನೋಡಿ ಎಷ್ಟು ಪ್ರೀತಿಯಿಂದ ತೆಗೆದಿದ್ದಾಳೆ ಎಂದು ಚಿದಂಬರನ ಮುಖಕ್ಕೆ ಫೋನ್ ಹಿಡಿದಳು. ಎಲ್ಲ ಫೋಟೋಗಳಿಗೂ ಹೃದಯದ ಗುರುತು ಒತ್ತಿದಳು.

ಅವರು ಇಪ್ಪತ್ತೆಂಟು ಮೈಲಿ ತುಳಿದರೆಂದು ಬರೆದ ದಿನ ಇವಳು ಕೆಲಸದಿಂದ ಬಂದು ಹೆಲ್ಮೆಟ್ ಹಾಕಿಕೊಂಡು ಸೌತ್ ಲಯನ್ ಕಡೆ ಮೂವತ್ತೊಂದು ತುಳಿದಳು. ಅವರು ಮೂವತ್ತೈದು ಎಂದರೆ ಇವಳು ರಜೆ ಹಾಕಿ ಮೂವತ್ತೆಂಟು. ದಾರಿಯ ಎರಡೂ ಕಡೆ ಜೋಳ, ಸೋಯಾ, ಕುದುರೆ ಲಾಯ, ಧೂಳೆಬ್ಬಿಸಿ ಹೋಗುವ ಪಿಕಪ್ ಟ್ರಕ್ಕುಗಳು. ದ್ರಾಕ್ಷಿಯ ಒಂದು ಎಲೆ ಇಲ್ಲ. ನಾಲ್ಕನೆಯ ದಿನ ಅವಳ ನಡಿಗೆ ಕುಂಟು ಬಿದ್ದದ್ದನ್ನು ನೋಡಿ ಚಿದಂಬರ, "ಹೊಟ್ಟಿಕಿಚ್ಚು ಪಡೂದ್ರಾಗೂ ಮೈಲಿ ಎಣಸ್ತೀಯಲ್ಲ ಮಾರಾಯ್ತಿ," ಎಂದು ಮೊಣಕಾಲಿಗೆ ಹಚ್ಚಲು ಮುಲಾಮು ತಂದುಕೊಟ್ಟ. ಅವಳು ನಗಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಚೈತ್ರಳ ಮನೆಯಲ್ಲಿ ಪಾಟ್‌ಲಕ್. ಪ್ರವಾಸ ಹೋಗಿ ಬಂದವರು ಹತ್ತಾರು ಜನರನ್ನು ಕರೆದು ಟಿವಿಯಲ್ಲಿ ಫೋಟೋ ತೋರಿಸುವುದು, ಕರೆಸಿಕೊಂಡವರು ಒಂದೊಂದು ಅಡುಗೆ ಮಾಡಿಕೊಂಡು ಹೋಗಿ ಹೊಗಳುವುದು, ಇದು ಆ ಕಡೆಯ ನಮ್ಮವರಲ್ಲಿ ಬೇರೂರಿದ ಪದ್ಧತಿ. ನೀಲಗಂಗಾ ಎಣ್ಣೆಗಾಯಿ, ರೊಟ್ಟಿ ಮಾಡಿಕೊಂಡು ಹೋದಳು. ವಿವೇಕ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ಚೈತ್ರ ಎದ್ದು ನಿಂತು ವಿವರಿಸತೊಡಗಿದಳು.

"ಗ್ರಾವೆಲ್ ಮೇಲೆ ಚಕ್ರ ನೋಡ್ಬಾರ್ದು, ತಿರುವು ನೋಡ್ಬೇಕು. ಹ್ಯಾಂಡಲ್ ಬಿಗಿ ಹಿಡಿದ್ರೆ ಬಿದ್ದೆವು ಅಂತಾನೇ. ಭಯ ಆದಾಗ ಇನ್ನೂ ಸಡಿಲ ಬಿಡ್ಬೇಕು."

ಕೇಳುತ್ತಿದ್ದವರು ತಲೆದೂಗಿದರು. "ಎಷ್ಟು ಧೈರ್ಯ ರೀ ನಿಮಗೆ," ಎಂದಳು ಒಬ್ಬಾಕೆ. ಒಂದೊಂದು ಮಾತೂ ನೀಲಗಂಗಾಳದು. ಅವಳ ಹತ್ತನೆಯ ವರ್ಷದ ಮೊಣಕಾಲಿನ ರಕ್ತದಿಂದ ಬಂದದ್ದು. ಯಾರು ಕಲಿಸಿದರು ಎಂದು ಚೈತ್ರ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನೀಲಗಂಗಾ ಎದ್ದು ಅಡುಗೆಮನೆಗೆ ಹೋಗಿ, ಮಾಡಲು ಕೆಲಸವಿಲ್ಲದೆ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಸ್ವಲ್ಪ ಹೊತ್ತಿಗೆ ಚೈತ್ರ ಖಾಲಿ ತಟ್ಟೆಗಳನ್ನು ಹಿಡಿದು ಒಳಗೆ ಬಂದಳು. "ಒಬ್ರೇ ಯಾಕೆ ಇಲ್ಲಿದೀರ ಆಂಟಿ? ಅರ್ಧಾನೂ ಮುಗಿದಿಲ್ಲ ಫೋಟೋಸು."

"ನನಗ ಬರೂದಿತ್ತು," ಎಂದಳು ನೀಲಗಂಗಾ.

"ಎಲ್ಲಿಗೆ?"

"ಫ್ರಾನ್ಸಿಗೆ. ನಿಮ್ಮ ಸಂಗಾಟ." ನಲ್ಲಿ ಹರಿಯುತ್ತಲೇ ಇತ್ತು, ಅವಳು ನಿಲ್ಲಿಸಲಿಲ್ಲ. "ನಾ ಬ್ಯಾಡ ಅಂದದ್ದು ಬ್ಯಾಡ ಅಂತಲ್ಲ. ನಮ್ಮ ಕಡೆ ಒಮ್ಮಿಗೇ ಹೂಂ ಅನ್ನಂಗಿಲ್ಲ. ಇನ್ನೊಮ್ಮೆ ಕೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಎಂಟ ತಿಂಗಳಾತು, ಹೊಟ್ಟಿ ಉರಕೊಂಡ ಸಾಯಾಕತ್ತೀನಿ. ಆ ಇಂದುಮತಿ ಬೀಳಲಿ ಅಂತ ಬೇಡಕೊಂಡೀನಿ. ಚಕ್ರದಾಗ ಗಾಳಿ ಜಾಸ್ತಿ ಅದ ಅಂತ ಗೊತ್ತಿದ್ದೂ ಹೇಳಲಿಲ್ಲ. ನನ್ನಂಥಾಕಿ ಇಂಥಾಕಿ ಆದ್ನಿ, ನಿನ್ನ ಒಂದ ಮಾತಿಗೆ."

ಚೈತ್ರ ತಟ್ಟೆಗಳನ್ನು ಸಿಂಕಿನ ಪಕ್ಕ ಇಟ್ಟಳು. ಅಯ್ಯೋ ಆಂಟಿ, ನಂಗೆ ಗೊತ್ತೇ ಆಗ್ಲಿಲ್ಲ, ಎನ್ನುತ್ತಾಳೆಂದು ನೀಲಗಂಗಾ ಕಾದಳು. ಚೈತ್ರ ನಲ್ಲಿ ನಿಲ್ಲಿಸಿದಳು.

"ಗೊತ್ತಿತ್ತು ಆಂಟಿ."

"ಏನ ಗೊತ್ತಿತ್ತು?"

"ನೀವು ಸುಮ್ನೆ ಬೇಡ ಅಂದ್ರಿ ಅಂತ. ನಮ್ಮನೇಲೂ ಹಂಗೇ ಅಲ್ವಾ? ಮೈಸೂರಲ್ಲಿ ಮಾತ್ರ ಯಾರು ಮೊದಲನೇ ಸಲಕ್ಕೇ ಹೂಂ ಅಂತಾರೆ. ಇನ್ನೊಂದ್ಸಲ ಕೇಳಿದ್ರೆ ಬರ್ತೀರ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಹೊರಗೆ ಯಾವುದೋ ಫೋಟೋಗೆ ಎಲ್ಲರೂ ನಕ್ಕರು. ನೀಲಗಂಗಾಗೆ ಕೈ ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆಯೆಂದು ತಿಳಿಯಲಿಲ್ಲ, ಅದು ಎದುರಿಗೇ ಇತ್ತು.

"ಯಾಕ?"

"ಐದು ವರ್ಷ ಆಂಟಿ. ಐದು ವರ್ಷದಿಂದ ನಿಮ್ಮ ಹಿಂದಿನ ಚಕ್ರ ನೋಡ್ಕೊಂಡೇ ಓಡಿಸಿದೀನಿ. ನಂಗಿಂತ ಹದಿನೈದು ವರ್ಷ ದೊಡ್ಡವ್ರು, ಒಂದ್ಸಲಾನೂ ನಿಮ್ಮನ್ನ ದಾಟೋಕಾಗ್ಲಿಲ್ಲ. ಗುಡ್ಡ ಹತ್ತಿ ಮೇಲೆ ನಿಂತ್ಕೊಂಡು, ಬಾರವಾ, ಇನ್ನೊಂದೀಟು, ಅಂತೀರಲ್ಲ, ಅದನ್ನ ಕೇಳಿದಾಗಲೆಲ್ಲ ಮೈಯೆಲ್ಲಾ ಉರಿಯತ್ತೆ ನಂಗೆ. ಮನೆಗೆ ಬಂದು ವಿವೇಕ್ ಹತ್ರ ನಿಮ್ಮನ್ನ ಬೈದಿದೀನಿ. ನೀವು ಅಲ್ಲಿಗೂ ಬಂದ್ರೆ ಅಲ್ಲೂ ನೀವೇ ಮುಂದೆ. ಆ ತೋಟ, ದ್ರಾಕ್ಷಿ, ಎಲ್ಲಾ ನಿಮಗೇ ಗೊತ್ತು. ನಾಲ್ಕು ಜನ ಇರೋ ಕಡೆ ಒಂದ್ಸಲ ನಾನು ಮುಂದೆ ಹೋಗ್ಬೇಕು ಅನ್ನಿಸ್ತು. ಇಂದುಮತಿಗೆ ಏನೂ ಬರಲ್ಲ, ಅವಳನ್ನ ಕರೆದ್ರೆ ಸರಿ ಅನ್ಕೊಂಡೆ. ಬೀಳದೆ ಹಿಂದೆ ಬಂದ್ರೆ ಸಾಕು ಅಂತ ನಿಮ್ಮ ಹತ್ರ ಕಲಿಯೋಕೆ ಕಳಿಸ್ದೆ."

ನೀಲಗಂಗಾ ಎರಡು ಸಲ ತೊಳೆದ ಪಾತ್ರೆಯನ್ನು ಬೋರಲು ಹಾಕಿದಳು. ಆಮೇಲೆ ಕೇಳಿದಳು, "ಹೋದ್ಯೇನು ಮುಂದ?"

ಚೈತ್ರಳ ಕಣ್ಣು ತುಂಬಿತು. "ಇಂದುಮತಿ ಹೋದ್ಲು."

"ಎಂಟೂ ದಿನಾನೂ?"

"ಎಂಟೂ ದಿನ. ಇಳಿಜಾರಲ್ಲಂತೂ ಅವಳನ್ನ ಹಿಡಿಯೋಕೇ ಆಗ್ಲಿಲ್ಲ. ಕೇಳಿದ್ರೆ ಅಕ್ಕ ಹೇಳಿಕೊಟ್ರು ಅಂತಾಳೆ."

ನೀಲಗಂಗಾಗೆ ಮೊದಲು ಬಂದದ್ದು ನಗು. ಅದನ್ನು ತಡೆದಳು. ಆಮೇಲೆ ಸಿಟ್ಟು ಬಂತು. ಹದಿನೆಂಟು ದಿನ ಸೀಟು ಹಿಡಿದು ಓಡಿದವಳಿಗೆ ಈ ಹುಡುಗಿ ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ದಾಳೆ. ಸಿಟ್ಟಿನ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು. ಯಾರೋ ತನ್ನನ್ನು ಕಂಡು ಕರುಬಿದ್ದಾರೆ. ತಿಕೋಟಾದ ರೊಟ್ಟಿಗಂಟಿನ ಹುಡುಗಿಯನ್ನು, ಸೋರುವ ಪೈಪು ನೋಡುತ್ತ ವಯಸ್ಸು ಕಳೆದವಳನ್ನು ಕಂಡು ಇನ್ನೊಬ್ಬರು ಮನೆಗೆ ಹೋಗಿ ಉರಿದುಕೊಂಡಿದ್ದಾರೆ. ಐವತ್ನಾಲ್ಕು ವರ್ಷದಲ್ಲಿ ಇಂಥದ್ದೊಂದು ಮರ್ಯಾದೆ ಅವಳಿಗೆ ಯಾರೂ ಮಾಡಿರಲಿಲ್ಲ. ಅದು ಹಿತವಾಗಿತ್ತು.

"ಮುಂದಿನ ವರ್ಷ ನಾ ಬರಾಕಿ," ಎಂದಳು. "ನೀ ಏನ್ ಕರೀಬ್ಯಾಡ. ನೀ ಕರೀಲಿ, ಬಿಡ್ಲಿ, ನಾ ಬರಾಕಿ. ಮುಂದೂ ನಾನ ಹೋಗಾಕಿ."

ಚೈತ್ರ ಹೂಂ ಅನ್ನಲಿಲ್ಲ, ಬೇಡ ಎನ್ನುವ ಧೈರ್ಯವೂ ಅವಳಿಗಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಅದು ಯಾವುದರ ಸಂಕಟ ಎಂದು ನೀಲಗಂಗಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಲ್ಲವಾ, ಚಾಷ್ಟಿ ಮಾಡಿದೆ, ಎಂದು ತಮಾಷೆಗೆ ತಿರುಗಿಸುವ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಕೈ ಒರೆಸಿಕೊಂಡು, ಉಳಿದ ಫೋಟೋಗಳನ್ನು ನೋಡಲು ಹೊರಗೆ ಹೋದಳು.